ಹನ್ನೊಂದು ನಿಮಿಷದ ನಿಲುಗಡೆ

ಬೆಳಗಿನ ಐದೂವರೆಗಿಂತ ಮುಂಚೆ ನಿರ್ಮಲಾ ಮುಗಿಸಬೇಕಾದ ಕೆಲಸಗಳು: ನಳದಲ್ಲಿ ನೀರು ಬರುವಷ್ಟರಲ್ಲಿ ಎದ್ದು ಎರಡು ಹಂಡೆ, ಒಂದು ಬ್ಯಾರಲ್ಲು ತುಂಬುವುದು, ಅತ್ತೆ ಶಂಕ್ರವ್ವನಿಗೆ ಸ್ನಾನದ ನೀರು ಕಾಯಿಸುವುದು, ಲಿಂಗಪೂಜೆಗೆ ಪತ್ರಿ ಹರಿದು ತೊಳೆದಿಡುವುದು, ಹತ್ತು ರೊಟ್ಟಿ ಬಡಿಯುವುದು, ಗಂಡ ಉದಯಕುಮಾರನ ಕಿರಾಣಿ ಅಂಗಡಿಯ ಕೀಲಿ, ಕನ್ನಡಕ, ಬಿಪಿ ಗುಳಿಗೆಗಳನ್ನು ಒಂದೇ ಕಡೆ ಇಡುವುದು, ಅಂಗಳ ಗುಡಿಸಿ ರಂಗೋಲಿ ಹಾಕುವುದು. ಇಷ್ಟಾದರೆ ಒಂದು ಗಂಟೆ ಅವಳದು. ಸಕ್ಕರೆ ಕಾಯಿಲೆಗೆಂದು ಡಾಕ್ಟರು ಹೇಳಿದ ವ್ಯಾಯಾಮದ ಗಂಟೆ ಅದು. ಔಷಧವಾದ್ದರಿಂದ ಹಳಿಯಾಳದ ಆ ಮನೆಯಲ್ಲಿ ಯಾರೂ ಬೇಡವೆಂದಿರಲಿಲ್ಲ.

ಸೈಕಲ್ಲು ಮಗಳು ಐಶ್ವರ್ಯಾಳದು. ಧಾರವಾಡದಲ್ಲಿ ನರ್ಸಿಂಗ್ ಓದುತ್ತಿರುವ ಅವಳು ಯುಗಾದಿಗೆ ಬಂದಾಗ, ಗೆಳತಿ ಬಳಸಿ ಬಿಟ್ಟ ಜಿಪಿಎಸ್ ಕಂಪ್ಯೂಟರೊಂದನ್ನು ತಂದು ಹ್ಯಾಂಡಲಿಗೆ ಸಿಕ್ಕಿಸಿದಳು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ವೇಗ, ದೂರ, ಹೋದ ದಾರಿ ಎಲ್ಲವನ್ನೂ ಬರೆದುಕೊಳ್ಳುತ್ತದೆ. ನಿರ್ಮಲಾಳದು ಗುಂಡಿ ಒತ್ತುವ ಹಳೆಯ ಫೋನು. ಹೀಗಾಗಿ ಮಗಳು ಅದನ್ನು ಅಪ್ಪನ ಫೋನಿಗೆ ಜೋಡಿಸಿದಳು.

"ನೀ ಮನಿಗೆ ಬಂದಕೂಡ್ಲೇ ಎಲ್ಲಾ ಅಪ್ಪನ ಫೋನಿಗೆ ಹೋಗ್ತೈತಿ, ಅಲ್ಲಿಂದ ನನಗೂ ಕಾಣ್ತೈತಿ. ಆದ್ರ ಹೊಂಡೂ ಮುಂದ ಬಯಲಾಗ ಗುಂಡಿ ಒತ್ತಿ ಎರಡ ನಿಮಿಷ ಸುಮ್ಮ ನಿಂದ್ರಬೇಕವ್ವಾ, ಉಪಗ್ರಹ ಹಿಡಿಯೂತನಕ."

ಸುಮ್ಮನೆ ನಿಲ್ಲುವುದು ನಿರ್ಮಲಾಳಿಗೆ ಬರುತ್ತಿರಲಿಲ್ಲ. ಮೊದಲ ದಿನ ಗುಂಡಿ ಒತ್ತಿ, ಕಂಪ್ಯೂಟರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಸಬರಿಗೆ ಹಿಡಿದಳು. ಹೊರಡುವಾಗ ಮತ್ತೆ ಅದೇ ಗುಂಡಿ ಒತ್ತಿದ್ದರಿಂದ ಬರೆಯುವುದು ನಿಂತೇಹೋಯಿತು. ಸಂಜೆ ಮಗಳು ಫೋನಿನಲ್ಲಿ ನಕ್ಕಿದ್ದೇ ನಕ್ಕಿದ್ದು.

"ಅವ್ವಾ, ನಕಾಶದಾಗ ಬರೇ ನಮ್ಮ ಅಂಗಳ ಗೀಚೈತಿ! ಕಸಾ ಹೊಡ್ಯೂ ರೇಸಿಗೆ ಹೆಸರ ಕೊಟ್ಟೀಯೇನ?"

ಅಂದಿನಿಂದ ಮಗಳು ದಿನಾ ಸಂಜೆ ಅವಳಿಗೇ ಫೋನ್ ಮಾಡತೊಡಗಿದಳು. "ಇವತ್ತ ಹದಿನಾಲ್ಕ ಕಿಲೋಮೀಟರ! ಏರಿನಾಗೂ ಇಳಿದಿಲ್ಲಲ್ಲ!" ಏನೂ ಬೇಡದೆ ನಿರ್ಮಲಾಳನ್ನು ಕರೆಯುವ ದನಿ ಅದೊಂದೇ ಇತ್ತು.

ಎಂಟನೆಯ ದಿನ ಊಟಕ್ಕೆ ಕುಳಿತ ಉದಯಕುಮಾರ ಫೋನನ್ನು ಅವಳತ್ತ ತಿರುಗಿಸಿದ.

"ದಾಂಡೇಲಿ ರಸ್ತಾದ ಸಣ್ಣ ಪೂಲಿನ ಕಡೆ ದಿನಾ ಹನ್ನೊಂದ ನಿಮಿಷ ನಿಂದರ್ತೀಯಲ್ಲ, ಯಾರ ಸಿಗ್ತಾರ?" ನಗುತ್ತಲೇ ಕೇಳಿದ.

"ಯಾರೂ ಇಲ್ರಿ. ಕುಂತಿರ್ತೇನಿ."

"ಕುಂದರಾಕ ಮನಿಯಾಗ ಕಟ್ಟಿ ಇಲ್ಲೇನ?" ಎಂದಳು ಶಂಕ್ರವ್ವ. "ಅಷ್ಟೊತ್ತಿನಾಗ ನಾಕ ರೊಟ್ಟಿ ಆಗ್ತಾವ."

"ಡಾಕ್ಟರ ಸೈಕಲ್ ಹೊಡಿ ಅಂದಾರ, ಕುಂದರು ಅಂದಿಲ್ಲ. ಕುಂದರೂ ವ್ಯಾಳೆ ಇದ್ರ ಲಗೂ ಬಾ," ಎಂದ ಉದಯಕುಮಾರ.

ಆ ಸೇತುವೆಯಲ್ಲಿ ನಿಜಕ್ಕೂ ಯಾರೂ ಇರುತ್ತಿರಲಿಲ್ಲ. ಸಾಗವಾನಿಯ ಒಣ ಎಲೆಗಳು ಬೀಳುವ ಸಪ್ಪಳ, ಅಷ್ಟೇ. ಮುಂದಿನ ಮೂರು ದಿನ ನಿರ್ಮಲಾ ಅಲ್ಲಿ ಇಳಿಯಲಿಲ್ಲ. ಬೇಗ ಬಂದಳು, ನಾಷ್ಟಾ ಬೇಗ ಆಯಿತು, ಯಾರೂ ಅದನ್ನು ಗಮನಿಸಲಿಲ್ಲ. ಸರಾಸರಿ ವೇಗ ಮಾತ್ರ ಏರಿತ್ತು.

"ಭಾರೀ ಫಾಸ್ಟ್ ಆಗೀ ಅವ್ವಾ!" ಎಂದಳು ಮಗಳು.

"ಇದು ಅಪ್ಪನ ಫೋನಿಗೆ ಹೋಗಲಾರದಂಗ ಮಾಡಾಕ ಬರ್ತೈತೇನ?"

"ಬರ್ತೈತಿ. ಸೆಟ್ಟಿಂಗಿನಾಗ ಅಪ್ಪನ ಫೋನ್ ತಗದ ಹಾಕಿದ್ರ ದಾರಿ ಆ ಕಂಪ್ಯೂಟರಿನಾಗಷ್ಟ ಉಳೀತೈತಿ. ಆದ್ರ ನನಗೂ ಕಾಣಂಗಿಲ್ಲ. ಯಾಕ, ಏನಾತು?"

"ಏನಿಲ್ಲ. ಸುಮ್ಮ ಕೇಳಿದೆ."

ಮರುದಿನ ಸೇತುವೆ ಬಂದಾಗ ಇಳಿದಳು. ಮರದ ದಿಮ್ಮಿ ಹೊತ್ತ ಲಾರಿಯೊಂದು ದಾಂಡೇಲಿಯತ್ತ ಹೋಯಿತು. ಅದರ ಸದ್ದು ಅಡಗುವವರೆಗೆ ಕಾದಳು. ಹ್ಯಾಂಡಲಿನ ಕಂಪ್ಯೂಟರಿನ ಸೆಟ್ಟಿಂಗಿನೊಳಗೆ ಒಂದೊಂದೇ ಪದ ಓದುತ್ತ ಹೋದಳು. ಜೋಡಿಸಿದ ಫೋನನ್ನು ತೆಗೆದುಹಾಕಬೇಕೇ ಎಂದು ಯಂತ್ರ ಇಂಗ್ಲಿಷಿನಲ್ಲಿ ಕೇಳಿತು. ಹೇಳಲು ಕಿಲೋಮೀಟರುಗಳಿಲ್ಲದಿದ್ದರೆ ಐಶ್ವರ್ಯಾ ಇನ್ನು ದಿನಾ ಕರೆಯುತ್ತಾಳೋ ಇಲ್ಲವೋ. ಬೆರಳು ಗುಂಡಿಯ ಮೇಲೆಯೇ ಇತ್ತು.

ಹೌದು ಎಂದು ಒತ್ತಿ, ನಿರ್ಮಲಾ ಸೇತುವೆಯ ಅಂಚಿನಲ್ಲಿ ಕುಳಿತಳು.