ಗಾಲಿ ನೆಲ ಮುಟ್ಟುವ ಹೊತ್ತು

ಇಸಳೂರಿನಿಂದ ಶಿರಸಿಗೆ ಹೋಗುವ ಮೊದಲ ಬಸ್ಸು ಇನ್ನೂ ಬಂದಿಲ್ಲ. ಹೊಸ ಮನೆಗಳ ಸಾಲಿನ ಕೊನೆಯ ಮಹಡಿ ಕೋಣೆಯಲ್ಲಿ ಆಗಲೇ ಒಂದು ವಿಮಾನ ಇಳಿಯುತ್ತಿದೆ. ಗಾಲಿ ನೆಲಕ್ಕೆ ತಾಗುತ್ತದೆ, ವಿಮಾನ ಎರಡು ಸಲ ಕುಪ್ಪಳಿಸಿ ನಿಲ್ಲುತ್ತದೆ. ಗಂಗಾಂಬಿಕಾ ತುಟಿ ಕಚ್ಚಿಕೊಂಡು ಒಂದು ಅಂಕಿ ಬದಲಿಸುತ್ತಾರೆ. ವಿಮಾನ ಮತ್ತೆ ಹಿಂದಕ್ಕೆ ಹೋಗಿ ತೆಂಗಿನ ಮರದಷ್ಟು ಎತ್ತರದಲ್ಲಿ ಕಾಣಿಸಿಕೊಳ್ಳುತ್ತದೆ. ಮತ್ತೆ ಇಳಿಯುತ್ತದೆ.

ಕಂಪ್ಯೂಟರಿನ ಪರದೆಗೆ ಅಡ್ಡಲಾಗಿ ಕಪ್ಪು ಹೊಲಿಗೆ ದಾರವೊಂದನ್ನು ಎಳೆದು, ಎರಡೂ ತುದಿಗೆ ಟೇಪು ಅಂಟಿಸಿದ್ದಾರೆ. ಪರದೆಯಲ್ಲಿ ಚಂದದ ಆಕಾಶವಿದೆ, ದೂರದಲ್ಲಿ ನೀಲಿ ಗುಡ್ಡಗಳಿವೆ. ಅವರು ಅದ್ಯಾವುದನ್ನೂ ನೋಡುವುದಿಲ್ಲ. ಗಾಲಿ ನೆಲಕ್ಕೆ ಬಡಿದಾಗ ರೆಕ್ಕೆಯ ತುದಿ ದಾರದಿಂದ ಎಷ್ಟು ಕೆಳಗೆ ಹೋಯಿತು, ಎಷ್ಟು ಬೇಗ ಮೇಲೆ ಬಂತು, ಅಷ್ಟೇ ಅವರಿಗೆ ಬೇಕು.

"ಹೊಲಿಗಿ ಮಷಿನ್ ಆದ್ರ ಮ್ಯಾಲ ಕೈ ಇಟ್ರ ತಿಳೀತೈತ್ರಿ, ಎಲ್ಲಿ ನಡುಗಾಕ ಹತ್ತೇತಿ ಅಂತ. ಇದರಾಗ ಎಲ್ಲಿ ಕೈ ಇಡೂದು? ಅದಕ್ಕ ದಾರಾ ಹಚ್ಚೇನಿ" ಎನ್ನುತ್ತಾರೆ. ಅವರ ಕೆಲಸ ನೋಡಿ ಬರೆಯಲು ಬಂದ ನಾನು ಇನ್ನೂ ಹೊಸ್ತಿಲಲ್ಲೇ ಇರುವುದು ಆಗ ಅವರ ಕಣ್ಣಿಗೆ ಬೀಳುತ್ತದೆ. "ಅಯ್ಯ, ಯಾಕ ಬಾಗಲದಾಗ ನಿಂತೀರಿ? ಒಳಗ ಬರ್ರಿ. ವಿಮಾನ ಏನ್ ಹಾಯೂದಿಲ್ಲ!"

ಫ್ಲೈಟ್ ಸಿಮ್ಯುಲೇಟರ್ ಎಂದರೆ ಕುರ್ಚಿಯ ಮೇಲೆ ಕೂತು, ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ವ್ಯವಸ್ಥೆ. ಕೆಲವರಿಗೆ ಅದು ಆಟ, ಪೈಲಟ್ ಆಗಲು ಹೊರಟವರಿಗೆ ಪಾಠ. ಅದರೊಳಗಿನ ಒಂದೊಂದು ವಿಮಾನವನ್ನೂ ಎಲ್ಲೋ ಯಾರೋ ಕೂತು ತಯಾರಿಸಬೇಕು. ಗಂಗಾಂಬಿಕಾ ಅವರ ತಮ್ಮ ಆನಂದ ಅಂಥ ಸಣ್ಣ ವಿಮಾನಗಳನ್ನು ಈ ಕೋಣೆಯಲ್ಲೇ ಕೂತು ಮಾಡಿ ಮಾರುತ್ತಾರೆ. ಆಕಾರ, ಬಣ್ಣ, ಎಂಜಿನ್ನಿನ ಸದ್ದು ಎಲ್ಲ ಅವರದು. ಲ್ಯಾಂಡಿಂಗ್ ಗೇರ್, ಅಂದರೆ ಗಾಲಿ ಮತ್ತು ಅದರ ಮೇಲಿನ ಸ್ಪ್ರಿಂಗು, ಮಾತ್ರ ಅಕ್ಕನದು. ಗಾಲಿ ಎಲ್ಲಿರಬೇಕು, ಭಾರ ಬಿದ್ದರೆ ಸ್ಪ್ರಿಂಗ್ ಎಷ್ಟು ಕುಗ್ಗಬೇಕು, ಕುಗ್ಗಿದ್ದು ಯಾವ ವೇಗದಲ್ಲಿ ಮರಳಬೇಕು, ಎಂಥ ಪೆಟ್ಟು ಬಿದ್ದರೆ ಮುರಿಯಬೇಕು. ಒಂದು ವಿಮಾನಕ್ಕೆ ಇದನ್ನೆಲ್ಲ ಹೊಂದಿಸಲು ವಾರಗಟ್ಟಲೆ ಬೇಕಾಗುತ್ತದೆ. ದಿನಕ್ಕೆ ಎಷ್ಟು ಸಲ ಇಳಿಸುತ್ತೀರಿ ಎಂದರೆ ನಗುತ್ತಾರೆ: "ಎಣಿಸ್ಕೋತ ಕುಂತ್ರ ಇಳಸೂದ್ ಯಾವಾಗ್ರಿ?"

ಐವತ್ತರ ಆಸುಪಾಸಿನ ಗಂಗಾಂಬಿಕಾ ಅವರ ತವರು ಬನವಾಸಿ ಕಡೆ; ತಾಯಿ, ತಮ್ಮ ಇಸಳೂರಿನ ಈ ಮನೆಗೆ ಬಂದದ್ದು ಆಮೇಲೆ. ಶಿರಸಿಯ ಸುಭಾಷ್ ಅವರನ್ನು ಮದುವೆಯಾಗಿ ಬಂದ ಮೇಲೆ ಗಂಡನ ಜೊತೆ ಹೊಲಿಗೆ ಯಂತ್ರ ರಿಪೇರಿ ಕಲಿತರು. ಸುಭಾಷ್ ಅಂಗಡಿ ನೋಡಿಕೊಂಡರೆ ಊರೂರು ತಿರುಗುವ ಕೆಲಸ ಇವರದು. ಸ್ಕ್ರೂಡ್ರೈವರ್, ಎಣ್ಣೆ ಡಬ್ಬಿ ತುಂಬಿದ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ಸಿದ್ದಾಪುರಕ್ಕೆ, ಬಿಳಗಿಗೆ, ಯಲ್ಲಾಪುರಕ್ಕೆ. ಟೈಲರಿಂಗ್ ಕ್ಲಾಸಿನ ಹುಡುಗಿಯರು ಇವರನ್ನು "ಮಷಿನ್ ಅಕ್ಕ" ಎಂದೇ ಕರೆಯುತ್ತಿದ್ದರು. ಆಮೇಲೆ ಬಲಗೈ ಮಣಿಕಟ್ಟು ಕೈಕೊಟ್ಟಿತು. ಸ್ಕ್ರೂ ತಿರುಗಿಸಿದರೆ ರಾತ್ರಿಯಿಡೀ ನೋವು. ಡಾಕ್ಟರು ಬೇಡವೆಂದರು.

"ಚೀಲಾ ಗೂಟಕ್ಕ ತೂಗು ಹಾಕಿದೆ. ಮನ್ಯಾಗ ಕುಂತ್ರ ಹೊತ್ತ ಹೋಗವಲ್ದು. ಇವನ ರೂಮಿಗೆ ಬಂದು ಕುಂಡ್ರತಿದ್ದೆ. ಇವನ ವಿಮಾನ ಇಳದ ಕೂಡ್ಲೇ ಹಂಚಿನ್ಯಾಗಿನ ಜ್ವಾಳದ ಅಳ್ಳಿನಂಗ ಪುಟೀತಿತ್ತು. ಅಲ್ಲೋ ತಮ್ಮಾ, ಸ್ಪ್ರಿಂಗ್ ಬಿಗಿ ಆಗೇತಿ, ಸಡಲ ಮಾಡು ಅಂದೆ. ಎಲ್ಲಿ ಐತಿ ಸ್ಪ್ರಿಂಗು, ನೀನ ಹುಡುಕು ಅಂದ."

ಹುಡುಕಿದರು. ಅದೊಂದು ಅಂಕಿಗಳ ಕಡತ. ಆನಂದ ಒಂದೊಂದು ಅಂಕಿಯ ಅರ್ಥ ಹೇಳಿಕೊಟ್ಟರು. ಗಂಗಾಂಬಿಕಾ ಗಾಲಿಯ ಎತ್ತರವನ್ನು ನೆಲದಿಂದ ಮೇಲಕ್ಕೆ ಲೆಕ್ಕ ಹಿಡಿದರು, ಹೊಲಿಗೆ ಯಂತ್ರದ ಸ್ಟ್ಯಾಂಡನ್ನು ಅಳೆದ ಹಾಗೆ. ಕಡತ ಲೆಕ್ಕ ಹಿಡಿಯುವುದು ವಿಮಾನದ ಹೊಟ್ಟೆಯಿಂದ ಕೆಳಕ್ಕೆ. ಹಾಗಾಗಿ ಗಾಲಿಗಳೆಲ್ಲ ನೆಲದೊಳಗೆ ಹೂತುಹೋಗಿ, ಆನ್ ಮಾಡಿದ್ದೇ ತಡ, ಪೂರ್ತಿ ಕುಗ್ಗಿದ್ದ ಸ್ಪ್ರಿಂಗು ಒದ್ದು ವಿಮಾನ ಬಾಣದಂತೆ ಆಕಾಶಕ್ಕೆ ನೆಗೆಯಿತು.

"ಎಂಜಿನ್ ಇಲ್ದ ಹಾರಿಸಿದಾಕಿ ನಮ್ಮ ಅಕ್ಕ ಒಬ್ಬಾಕಿನ" ಎಂದು ಆನಂದ ಇವತ್ತಿಗೂ ಕಾಡಿಸುತ್ತಾರೆ.

"ಕಲಿಸಿದಾಂವ ಯಾರಪಾ?" ಎಂದು ಅಕ್ಕ ತಿರುಗಿ ಕೇಳುತ್ತಾರೆ.

ನಗುತ್ತ ಹೇಳುವ ತಪ್ಪು ಅದು. ಇನ್ನೊಂದಿದೆ. ಅದನ್ನು ಹೇಳುವಾಗ ಅವರು ಪರದೆ ಬಿಟ್ಟು ಕಿಟಕಿಯ ಕಡೆ ತಿರುಗುತ್ತಾರೆ.

ಎರಡು ಸೀಟಿನ ಒಂದು ತರಬೇತಿ ವಿಮಾನ ಮಾಡಿದ್ದರು. ಕೊಂಡವರು ಬರೆಯತೊಡಗಿದರು: ಗಾಲಿ ಬಹಳ ಒರಟು, ಸ್ವಲ್ಪ ತಪ್ಪಿದರೂ ಕುಪ್ಪಳಿಸುತ್ತದೆ. ಹೊಲಿಗೆ ಯಂತ್ರದ ರಿಪೇರಿಯಲ್ಲಿ ಕೊನೆಯ ಮಾತು ತುಳಿಯುವವರ ಕಾಲಿನದು. ಅವರು ಬಿಗಿ ಎಂದರೆ ಸಡಿಲಿಸಬೇಕು, ಹಗುರವಾಯಿತು ಎನ್ನುವ ತನಕ ಸಡಿಲಿಸಬೇಕು. ಗಂಗಾಂಬಿಕಾ ಇಲ್ಲೂ ಹಾಗೇ ಮಾಡಿದರು. ಬರೆದವರೆಲ್ಲ ಸುಮ್ಮನಾಗುವ ತನಕ ಸ್ಪ್ರಿಂಗನ್ನು ಮೆತ್ತಗೆ ಮಾಡುತ್ತ ಹೋದರು. ಕೊನೆಗೆ ಹೇಗೆ ಇಳಿಸಿದರೂ ವಿಮಾನ ಹಾಸಿಗೆಯ ಮೇಲೆ ಕೂತಂತೆ ಕೂರುತ್ತಿತ್ತು. ಎಲ್ಲರೂ ಹೊಗಳಿದರು.

ಅದೇ ವಿಮಾನವನ್ನು ಹೊರ ಜಿಲ್ಲೆಯ ಒಂದು ವೈಮಾನಿಕ ತರಬೇತಿ ಶಾಲೆಯೂ ತರಿಸಿಕೊಂಡಿತ್ತು. ಅಲ್ಲಿ ಕಲಿಯುವ ಶಾಂಭವಿ ಯಲ್ಲಾಪುರ ತಾಲ್ಲೂಕಿನ ಹುಡುಗಿ. ಕಂಪ್ಯೂಟರಿನಲ್ಲಿ ಅವಳ ಇಳಿಕೆಗಳೆಲ್ಲ ಸಲೀಸು. ಆದರೆ ನಿಜವಾದ ವಿಮಾನದಲ್ಲಿ ಅವಳು ವೇಗ ಇಳಿಸದೆ, ಹಿಂದಿನ ಎರಡು ಗಾಲಿಗಳ ಬದಲು ಮೂಗಿನ ಕೆಳಗಿನ ಗಾಲಿಯನ್ನೇ ಮೊದಲು ನೆಲಕ್ಕೆ ತಾಗಿಸಿದಳು. ವಿಮಾನ ಪುಟಿಯಿತು. ಹೆದರಿ ಮೂಗನ್ನು ಕೆಳಗೆ ಒತ್ತಿದಳು, ಅದು ಇನ್ನೂ ಜೋರಾಗಿ ಪುಟಿಯಿತು. ಪಕ್ಕದಲ್ಲಿ ಕೂತಿದ್ದ ಶಿಕ್ಷಕಿ ಅಭಿಜ್ಞಾ ಹಿಡಿತ ತೆಗೆದುಕೊಳ್ಳುವಷ್ಟರಲ್ಲಿ ಮುಂದಿನ ಗಾಲಿ ಮಡಚಿಹೋಗಿತ್ತು. ಯಾರಿಗೂ ಗಾಯವಾಗಲಿಲ್ಲ. ಆದರೆ ಅವತ್ತಿನಿಂದ ಶಾಂಭವಿ ವಿಮಾನ ಹತ್ತಿಲ್ಲ.

ಅಭಿಜ್ಞಾ ಫೋನ್ ಮಾಡಿ ಬೈಯಲಿಲ್ಲವಂತೆ. ನಿಮ್ಮ ವಿಮಾನ ತಪ್ಪು ಮಾಡಿದವರಿಗೂ ಏನೂ ಅನ್ನುವುದಿಲ್ಲ ಅಂದರಂತೆ, ಅಷ್ಟೇ.

"ಅವರು ಬೈದಿದ್ರ ಚಲೋ ಇತ್ತು" ಎನ್ನುತ್ತಾರೆ ಗಂಗಾಂಬಿಕಾ. "ಮಂದಿ ಕಾಲಿಗೆ ಹಗೂರ ಆಗ್ಲಿ ಅಂತ ಮಾಡಿದ್ದು. ಆ ಹುಡುಗಿಗೆ ನಾನ ಸುಳ್ಳು ಕಲಿಸಿದಂಗಾತು."

ಅವತ್ತಿನಿಂದ ಅವರು ಬೇರೆ ವಿಮಾನ ಮುಟ್ಟಿಲ್ಲ. ಶಾಲೆಯವರು ಕಳಿಸಿದ, ನಿಜವಾದ ಇಳಿಕೆಗಳ ವಿಡಿಯೊಗಳನ್ನು ನಿಧಾನ ಮಾಡಿ ನೋಡುವುದು, ಗಾಲಿ ಎಷ್ಟು ಕುಗ್ಗಿತೆಂದು ದಾರಕ್ಕೆ ಹಿಡಿದು ನೋಡುವುದು, ಒಂದು ಅಂಕಿ ಬದಲಿಸುವುದು, ಇಳಿಸುವುದು. ಇವತ್ತು ಒಂಬತ್ತಕ್ಕೆ ಅಭಿಜ್ಞಾ ವಿಡಿಯೊ ಕರೆ ಮಾಡಲಿದ್ದಾರೆ. ಹೊಸ ಗಾಲಿಯ ಮೇಲೆ ಕಂಪ್ಯೂಟರಿನಲ್ಲಿ ಇಳಿಸಿ ನೋಡಲು ಶಾಂಭವಿ ಒಪ್ಪಿದ್ದಾಳೆ. ಇದು ಸರಿ ಹೋಗದಿದ್ದರೆ ಕಲಿಕೆಯನ್ನೇ ಬಿಟ್ಟು ಊರಿಗೆ ಬರುತ್ತೇನೆ ಎಂದಿದ್ದಾಳಂತೆ.

ಆನಂದ ಅವರಿಗೆ ಬೇರೆಯ ಚಿಂತೆ. "ಅಕ್ಕಾ, ಇಷ್ಟು ಬಿಗಿ ಮಾಡಿದ್ರ ಮತ್ತ ಮಂದಿ ಬೈತಾರ."

"ಬೈಲಿ ಬಿಡೋ. ಬೈಯೂ ಮಂದಿ ಕುರ್ಚಿ ಮ್ಯಾಲ ಕುಂತಾರ. ಆಕಿ ಮ್ಯಾಲ ಹೋಗಾಕಿ."

ಕೆಳಗಿನಿಂದ ಚಹಾ ತಂದ ಅವರ ತಾಯಿ ಪಾರ್ವತವ್ವ, ಮಗಳ ಮುಂದೆ ಲೋಟ ಇಟ್ಟು ಪರದೆಯನ್ನೊಮ್ಮೆ ನೋಡುತ್ತಾರೆ. "ಮುಂಜಾನಿಂದ ಇಳಸಾಕ ಹತ್ತೀಯಲ್ಲ, ಮ್ಯಾಲ ಯಾವಾಗ ಹೋಗಿತ್ತದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಳಿದು ಹೋಗುತ್ತಾರೆ. ಆ ಚಹಾ ಆರುತ್ತದೆ.

ಕರೆ ಬರುತ್ತದೆ. ಪರದೆಯ ಒಂದು ಮೂಲೆಯಲ್ಲಿ ಅಭಿಜ್ಞಾ ಮತ್ತು ಶಾಂಭವಿ, ಉಳಿದ ಕಡೆಯೆಲ್ಲ ಅವಳ ಕಂಪ್ಯೂಟರಿನಲ್ಲಿರುವ ರನ್‌ವೇ, ಹೊರಗಿನಿಂದ ಕಾಣುವ ವಿಮಾನ. ತೆಳ್ಳಗಿನ ಹುಡುಗಿ, ಕೈಮುಗಿದವಳೇ ರನ್‌ವೇ ಕಡೆ ತಿರುಗುತ್ತಾಳೆ. ವಿಮಾನ ಕೆಳಗೆ ಬರುತ್ತದೆ. ವೇಗ ಹೆಚ್ಚಿದೆ ಎಂದು ನನ್ನಂಥವಳಿಗೂ ಗೊತ್ತಾಗುತ್ತದೆ. ಮೂಗಿನ ಗಾಲಿ ಬಡಿಯುತ್ತದೆ, ವಿಮಾನ ಎದ್ದು ಬೀಳುತ್ತದೆ, ಮತ್ತೂ ಎತ್ತರ ಎದ್ದು ಬೀಳುತ್ತದೆ. ಗಾಲಿ ಮಡಚಿ ಪರದೆ ನಿಶ್ಚಲವಾಗುತ್ತದೆ.

ಗಂಗಾಂಬಿಕಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ.

"ಅವತ್ತು ಹೀಂಗೇ ಎತ್ತಿ ಒಗ್ದಿತ್ತು" ಎನ್ನುತ್ತಾಳೆ ಶಾಂಭವಿ. "ಥೇಟ್ ಹೀಂಗೇ ಅಕ್ಕ."

"ಸಾಕಾ ಶಾಂಭವಿ?" ಅಭಿಜ್ಞಾ ಮೆಲ್ಲಗೆ ಕೇಳುತ್ತಾರೆ.

"ಇಲ್ಲ ಮೇಡಮ್. ಇನ್ನೊಂದ್ ಸಲ."

ಎರಡನೆಯದೂ ಪುಟಿಯುತ್ತದೆ. "ಒತ್ತಬೇಡ, ಒತ್ತಬೇಡ! ಎಂಜಿನ್ ಪೂರ್ತಿ ಕೊಟ್ಟು ಮೇಲೆ ಹೋಗು" ಎಂಬ ಅಭಿಜ್ಞಾ ಅವರ ದನಿ ಏರುತ್ತದೆ. ಹುಡುಗಿ ಈ ಸಲ ಮೂಗನ್ನು ಒತ್ತುವುದಿಲ್ಲ. ವಿಮಾನ ಮೇಲೇರಿ ಸುತ್ತು ಹಾಕಿ ಬರುತ್ತದೆ. ಮತ್ತೆ ಪುಟಿಯುತ್ತದೆ, ಮತ್ತೆ ಮೇಲೇರುತ್ತದೆ. ಹೊರಗೆ ಬಿಸಿಲು ಕಿಟಕಿಯ ಕಟ್ಟೆ ದಾಟಿ ಮೇಜಿನ ಮೇಲೆ ಬರುತ್ತದೆ. ಕೊನೆಗೊಮ್ಮೆ ವಿಮಾನ ನಿಧಾನವಾಗಿ ಬಂದು, ಮೂಗು ಎತ್ತಿಕೊಂಡೇ ರನ್‌ವೇಯ ಮೇಲೆ ತೇಲಿ, ಹಿಂದಿನ ಎರಡು ಗಾಲಿಗಳ ಮೇಲೆ ಕೂರುತ್ತದೆ. ರೆಕ್ಕೆ ಒಂದಿಷ್ಟು ತಗ್ಗಿ, ದಾರದ ಬಳಿಗೆ ಮರಳಿ ನಿಲ್ಲುತ್ತದೆ.

ಶಾಂಭವಿ ನಗುತ್ತಾಳೆ. "ಈ ಸಲ ನಿಮ್ ವಿಮಾನ ಬೈಲಿಲ್ಲ ನೋಡಿ ಅಕ್ಕ!"

"ನೀ ಬೈಸ್ಕೊಳ್ಳೂ ಹಂಗ ಇಳಸ್ಲಿಲ್ಲ ಬಿಡವಾ!"

"ನಾಳೆ ಬೆಳಿಗ್ಗೆ ಗಾಳಿ ಹದವಾಗಿದ್ದರೆ ನನ್ನ ಜೊತೆ ಕೂರುತ್ತೀಯಾ?" ಅಭಿಜ್ಞಾ ಅವಳ ಕಡೆ ತಿರುಗಿ ಕೇಳುತ್ತಾರೆ. ಹುಡುಗಿ ಕೈಗಳನ್ನು ತೊಡೆಯ ಮೇಲೆ ಒರೆಸಿಕೊಳ್ಳುತ್ತಾಳೆ.

"ಕೂರ್ತೆ ಮೇಡಮ್."

ಕರೆ ಮುಗಿದ ಮೇಲೂ ಗಂಗಾಂಬಿಕಾ ಖಾಲಿ ರನ್‌ವೇಯನ್ನೇ ನೋಡುತ್ತ ಕೂತಿದ್ದಾರೆ. ಆನಂದ ಅಕ್ಕನ ಮುಖ ನೋಡಿ, ಆರಿದ ಚಹಾದ ಲೋಟ ಎತ್ತಿಕೊಂಡು, ಬಿಸಿ ಚಹಾ ತರುತ್ತೇನೆಂದು ಇಳಿದು ಹೋಗುತ್ತಾರೆ. ಕೇಳಲೋ ಬೇಡವೋ ಎನ್ನುತ್ತಲೇ ಕೇಳುತ್ತೇನೆ: ನೀವು ಯಾವತ್ತಾದರೂ ವಿಮಾನ ಹತ್ತಿದ್ದೀರಾ? ಇಲ್ಲವೆಂದು ತಲೆಯಾಡಿಸುತ್ತಾರೆ. ಹತ್ತುವ ಆಸೆ?

"ಹತ್ತೂದು ಬ್ಯಾಡ್ರಿ. ಮ್ಯಾಲ ನಂದೇನ್ ಕೆಲಸ ಐತಿ? ಆ ಹುಡುಗಿ ತಾ ಒಬ್ಬಾಕೀನ ಇಳಸೂ ದಿವಸ ರನ್‌ವೇ ಬೇಲಿ ಹೊರಗ ನಿಂದ್ರಬೇಕು ನೋಡ್ರಿ. ಹಿಂದಿನ ಎರಡು ಗಾಲಿ ನೆಲಾ ಮುಟ್ಟೂದ ಕಣ್ಣೀಲೆ ಕಂಡ್ರ ಸಾಕು. ಮುಂದಿಂದು ಆಮ್ಯಾಲ ತಾನ ಇಳೀತೈತಿ."