ಮದ್ದೂರು ದಾಟಿದರೆ ಸುಮ

ಹೋದ ಭಾನುವಾರ ನನ್ನ ಹಳೆಯ ಜಾಮಿಟ್ರಿ ಡಬ್ಬಿ ಮೊಮ್ಮಗಳ ಕೈಗೆ ಸಿಕ್ಕಿತು. ತಗಡಿನ ಡಬ್ಬಿ. ಮುಚ್ಚಳ ತೆಗೆದರೆ ಇವತ್ತಿಗೂ ಸೀಮೆಸುಣ್ಣ, ತುಕ್ಕು, ಪೆನ್ಸಿಲ್ ಚೂಪು ಮಾಡಿದ ಪುಡಿ, ಮೂರೂ ಸೇರಿದ ಒಂದು ವಾಸನೆ ಬರುತ್ತದೆ. ಮಳವಳ್ಳಿಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತನಾದ ದಿನ ಹಾರ, ಶಾಲು, ಗೋಡೆ ಗಡಿಯಾರ ಅವರಾಗಿಯೇ ಕೊಟ್ಟರು; ಈ ಡಬ್ಬಿಯನ್ನು ಮಾತ್ರ ನಾನೇ ಯಾರಿಗೂ ಹೇಳದೆ ಎತ್ತಿಕೊಂಡು ಬಂದೆ. ಅದರ ತಳದಲ್ಲಿ ಮಡಚಿಟ್ಟಿದ್ದ ಬಟರ್ ಪೇಪರಿನ ತುಂಡುಗಳನ್ನು ಮೊಮ್ಮಗಳು ಒಂದೊಂದಾಗಿ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದು, "ತಾತ, ಇದ್ಯಾವ ದೇಶದ ಮ್ಯಾಪು?" ಎಂದಳು.

ಅದು ಯಾವ ದೇಶದ್ದೂ ಅಲ್ಲ, ಅವಳಮ್ಮನ ಎಡಗೆನ್ನೆಯದು. ಹೇಗೆ ಎನ್ನುವುದಕ್ಕೆ ಮುಂಚೆ ನನ್ನ ಸ್ವಭಾವವನ್ನು ನಿಮಗೆ ಹೇಳಿಬಿಡುವುದು ವಾಸಿ. ನಾನು ಅನುಮಾನದ ಪ್ರಾಣಿ. ಹಾಲಿನವನು ಬೆನ್ನು ತಿರುಗಿಸಿದ ಕೂಡಲೇ ಒಂದು ಹನಿ ಹಾಲನ್ನು ಉಗುರಿನ ಮೇಲೆ ಬಿಟ್ಟು ನೋಡುತ್ತೇನೆ. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನ್ನು ಕೇಳುತ್ತೇನೆ, ಕಂಡಕ್ಟರ್ ಹೇಳಿದ ಮೇಲೆ ಪಕ್ಕದ ಸೀಟಿನವರನ್ನು ಕೇಳುತ್ತೇನೆ. ಪರೀಕ್ಷೆ ಕೊಠಡಿಯಲ್ಲಿ ಯಾರಾದರೂ ಕೆಮ್ಮಿದರೆ ಅದು ಎಷ್ಟನೇ ಪ್ರಶ್ನೆಯ ಉತ್ತರ ಎಂದು ಯೋಚಿಸುತ್ತಿದ್ದೆ. "ನೀವು ಮೇಷ್ಟ್ರಾಗೋ ಬದಲು ಪೊಲೀಸಾಗಬೇಕಿತ್ತು" ಎಂದು ನನ್ನ ಹೆಂಡತಿ ಆಗಾಗ ಅನ್ನುತ್ತಾಳೆ. ಅವಳು ಹಾಗೇಕೆ ಅನ್ನುತ್ತಾಳೆ ಎನ್ನುವುದರ ಬಗ್ಗೆಯೂ ನನಗೆ ಸ್ವಲ್ಪ ಅನುಮಾನವಿದೆ.

ಇಂಥವನ ಮಗಳ ಕೆನ್ನೆಯ ಮೇಲೆ ಒಂದು ಬೆಳಿಗ್ಗೆ ಬಿಳಿಚಿಕೊಂಡ ಮಚ್ಚೆಯೊಂದು ಕಾಣಿಸಿತು. ಆಗ ಭಾಗೀರಥಿಗೆ ಏಳು ವರ್ಷ. ಭಾಗೀರಥಿ ಎಂಬುದು ನನ್ನ ತಾಯಿಯ ಹೆಸರು. ಅಮ್ಮ ತೀರಿಕೊಂಡ ವರ್ಷವೇ ಹುಟ್ಟಿದವಳೆಂದು ಮಗಳಿಗೆ ಅದನ್ನೇ ಇಟ್ಟಿದ್ದೆವು. "ನಮ್ಮ ಮನೇಲಿ ಆ ಹೆಸರಿನವರು ಒಬ್ಬರು ಯಾವಾಗಲೂ ಇರಲೇಬೇಕು" ಎಂದು ಬಂದವರ ಮುಂದೆಲ್ಲ ಹೇಳಿಕೊಳ್ಳುವುದು ನನಗೊಂದು ಚಾಳಿಯಾಗಿತ್ತು.

ಎಂಟಾಣೆಯಗಲದ ಮಚ್ಚೆ. ವಾರದೊಳಗೆ ಪಕ್ಕದಲ್ಲಿ ಇನ್ನೊಂದು. ನಾವು ಗಂಡ ಹೆಂಡತಿ ಬಾಯಿಬಿಟ್ಟು ಹೇಳದಿದ್ದರೂ ಇಬ್ಬರ ತಲೆಯಲ್ಲೂ ಕೂತಿದ್ದ ಮಾತು ಒಂದೇ: ತೊನ್ನು. ಹೆಣ್ಣುಮಗು, ನಾಳೆ ಯಾರು ಒಪ್ಪುತ್ತಾರೆ, ಊರವರು ಏನಂದಾರು. ಏಳು ವರ್ಷದ ಮಗುವನ್ನು ಎದುರಿಗೆ ಕೂರಿಸಿಕೊಂಡು ಅವಳ ಮದುವೆಯ ಚಿಂತೆ ಮಾಡಿದೆವಲ್ಲ, ಹೇಳಿಕೊಳ್ಳಲು ಇವತ್ತು ನಾಚಿಕೆಯಾಗುತ್ತದೆ. ನನ್ನ ಹೆಂಡತಿ ಆಗ ಐದು ತಿಂಗಳ ಬಸುರಿ. ಹೊಟ್ಟೆಯಲ್ಲಿರುವುದಕ್ಕೂ ಬಂದರೆ ಎಂಬ ಭಯ ಬೇರೆ. ಇದು ಯಾರ ಕಡೆಯಿಂದ ಬಂತು ಎಂಬ ಪತ್ತೆದಾರಿಕೆಯೂ ಒಳಗೊಳಗೇ ಶುರುವಾಯಿತು. ಅತ್ತೆ ಊರಿಂದ ಬಂದಾಗ ಅವರು ಕೈ ತೊಳೆಯುವುದನ್ನು ಮೊಣಕೈವರೆಗೂ ನಿಗಾ ಇಟ್ಟು ನೋಡಿದೆ. ನನ್ನ ಚಿಕ್ಕಪ್ಪ ಬಂದಾಗ ನನ್ನ ಹೆಂಡತಿ ಎಂದೂ ಇಲ್ಲದ ಉಪಚಾರ ಮಾಡಿ, "ಸೆಕೆ ಅಲ್ವಾ, ಅಂಗಿ ಬಿಚ್ಚಿ ಆರಾಮಾಗಿ ಕೂತ್ಕೊಳಿ" ಎಂದಳು.

ನಮ್ಮ ಕಡೆ ಆಗೊಂದು ರೂಢಿಯಿತ್ತು, ಈಗಲೂ ಪೂರ್ತಿ ಹೋಗಿಲ್ಲ. ಜ್ವರ ಬಂದರೆ ಊರಿನ ಡಾಕ್ಟರು, ಚರ್ಮಕ್ಕೆ ಏನಾದರೂ ಬಂದರೆ ಪರ ಊರಿನ ಡಾಕ್ಟರು. ಮಳವಳ್ಳಿಯವರು ಮಂಡ್ಯಕ್ಕೆ ಹೋಗುತ್ತಾರೆ, ಮಂಡ್ಯದವರು ಮೈಸೂರಿಗೆ. ಅಲ್ಲಿಯೂ ಚೀಟಿಯಲ್ಲಿ ಬೇರೆ ಹೆಸರು, ಬೇರೆ ಊರು ಬರೆಸುತ್ತಾರೆ. ಮಂಡ್ಯದಲ್ಲಿ ಮಕ್ಕಳ ಚರ್ಮಕ್ಕೆಂದೇ ಒಬ್ಬ ಡಾಕ್ಟರಮ್ಮ ಇದ್ದಾರೆಂದು ತಿಳಿದಾಗ ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ದೊಡ್ಡವರ ಚರ್ಮಕ್ಕೊಬ್ಬರು, ಮಕ್ಕಳ ಚರ್ಮಕ್ಕೊಬ್ಬರು, ಹೀಗೂ ಉಂಟೆ? ದೊಡ್ಡವರು ಬರುವುದಿಲ್ಲವೆಂದು ಬೋರ್ಡು ಬದಲಾಯಿಸಿರಬೇಕು ಎಂದುಕೊಂಡೆ.

ಮಂಡ್ಯಕ್ಕೆ ನೇರ ಬಸ್ಸಿದೆ. ಅದರಲ್ಲಿ ಗುರುತಿನವರು ಹತ್ತು ಜನರಾದರೂ ಇರುತ್ತಾರೆ. ಅದಕ್ಕೆ ನಾನೂ ಮಗಳೂ ಮದ್ದೂರಿನ ಮೇಲೆ ಸುತ್ತಿಕೊಂಡು ಹೊರಟೆವು. ಹೊರಡುವಾಗ ಅವಳಮ್ಮ ಅಭ್ಯಾಸಬಲದಿಂದ ಮಗುವಿನ ಮುಖಕ್ಕೆ ದಪ್ಪಗೆ ಪೌಡರ್ ಮೆತ್ತಿದ್ದಳು. ಮದ್ದೂರಿನಲ್ಲಿ ಬಸ್ಸು ಬದಲಾಯಿಸುವಾಗ ನಾನು ಹೆಸರನ್ನೂ ಬದಲಾಯಿಸಿದೆ.

"ನೋಡು ಪುಟ್ಟಾ, ಇಲ್ಲಿಂದ ಮುಂದೆ ನಿನ್ನ ಹೆಸರು ಸುಮ. ನಮ್ಮೂರು ಆತಗೂರು."

"ಮತ್ತೆ ಭಾಗೀರಥಿ?"

"ಅದು ಆಮೇಲೆ. ಮೊದಲು ವಾಸಿಯಾಗಲಿ, ನೋಡೋಣ."

ಅವಳು ಇನ್ನೇನೂ ಕೇಳಲಿಲ್ಲ. ಮಕ್ಕಳು ಸುಮ್ಮನಾದರೆ ಒಪ್ಪಿಕೊಂಡವೆಂದು ತಿಳಿಯುವುದು ಮೇಷ್ಟ್ರುಗಳ ಹಳೆಯ ತಪ್ಪು. ಅಷ್ಟರಲ್ಲಿ ಮಂಡ್ಯದ ಬಸ್ಸು ಬಂತು. ಅವಳು ಬಳೆಯಂಗಡಿ ನೋಡುತ್ತ ಹಿಂದೆಯೇ ನಿಂತಿದ್ದಳು. "ಸುಮಾ! ಸುಮಾ!" ಎಂದು ಕೂಗಿದೆ. ಯಾರೋ ಬೇರೆ ಇಬ್ಬರು ತಿರುಗಿ ನೋಡಿದರು, ಅವಳು ತಿರುಗಲಿಲ್ಲ. ಹೋಗಿ ರಟ್ಟೆ ಹಿಡಿದು ಎಳೆದುಕೊಂಡು ಬಂದೆ.

ಮಂಡ್ಯದ ಆ ಕಟ್ಟಡದಲ್ಲಿ ಕೆಳಗೆ ಚರ್ಮದ ಡಾಕ್ಟರು, ಮೇಲೆ ಹಲ್ಲಿನ ಡಾಕ್ಟರು. ಒಳಗೆ ಕಾಲಿಡುತ್ತೇನೆ, ಮೂಲೆಯ ಬೆಂಚಿನಲ್ಲಿ ನಮ್ಮ ಬೀದಿಯ ಸಿದ್ದೇಗೌಡರು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂತಿದ್ದಾರೆ. ಇಬ್ಬರ ಎದೆಯೂ ಒಟ್ಟಿಗೆ ಧಸಕ್ಕೆಂದಿರಬೇಕು.

"ಏನ್ ಮೇಷ್ಟ್ರೇ, ಇತ್ಲಾಗ್ ಬಂದ್ರಿ?"

"ಹಲ್ಲು ತೋರಿಸೋಕೆ ಗೌಡ್ರೇ. ನೀವು?"

"ನಾವೂವೆ ಅಲ್ಲೇ ಕಣ್ರೀ. ಮೇಲೆ ಜಾಗ ಇಲ್ಲ ಅಂದ್ರು, ಅದ್ಕೇ ಇಲ್ ಕುಂತಿವ್ನಿ."

ಆ ಮಗು ಬೆರಳ ಸಂದಿಯನ್ನು ಪರಪರ ಕೆರೆದುಕೊಳ್ಳುತ್ತಿತ್ತು. ಗೌಡರು ಅದರ ಕೈಯನ್ನು ಟವೆಲಿನಲ್ಲಿ ಮುಚ್ಚಿದರು. ನಾನು ನನ್ನ ಮಗಳ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದೆ. ಆಮೇಲೆ ಅರ್ಧ ಗಂಟೆ ಇಬ್ಬರೂ ಹಲ್ಲಿನ ವಿಷಯ ಮಾತಾಡಿದೆವು. ಅಷ್ಟು ಮಾತು ನಾನು ಹಲ್ಲಿನ ಡಾಕ್ಟರ ಹತ್ತಿರವೂ ಆಡಿಲ್ಲ.

ಚೀಟಿ ಬರೆಯುವ ಹೆಂಗಸು ಊರಿನ ಹೆಸರು ಕೇಳಿದ್ದೇ ಮುಖ ಅರಳಿಸಿದಳು. "ಆತಗೂರಾ! ನಮ್ ತವರು ಅಲ್ಲೇ ಕಣಣ್ಣ. ಯಾರ್ ಮನೆಯವ್ರು ನೀವು?" ನಾನು ಅದು ನಮ್ಮ ಹಳೆಯ ಊರು, ಬಿಟ್ಟು ಬಹಳ ವರ್ಷವಾಯಿತು, ಮನೆ ಬಿದ್ದುಹೋಗಿದೆ ಎಂದೆಲ್ಲ ತೊದಲಿದೆ. "ಎಸ್ಟ್ ವರ್ಸ ಆದ್ರೂ ಮನೆ ಎಸ್ರು ಮರ್ತೋಯ್ತದಾ?" ಎಂದು ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಜೀವನದಲ್ಲಿ ಮೊದಲ ಸಲ ನನ್ನನ್ನೇ ಒಬ್ಬರು ಅನುಮಾನಿಸುತ್ತಿದ್ದರು. ಅದು ಅಷ್ಟೇನೂ ಹಿತವಾದ ಅನುಭವವಲ್ಲ.

ಡಾಕ್ಟರಮ್ಮ ಮಗುವಿನ ಮುಖ ನೋಡಿ ಮೊದಲು ಹೇಳಿದ್ದು, "ಹೋಗಿ ಪೌಡರ್ ತೊಳ್ಕೊಂಡು ಬಾ ಚಿನ್ನಾ." ತೊಳೆಸಿಕೊಂಡು ಬಂದ ಮೇಲೆ ಜಗಲಿಗೆ ಕರೆದುಕೊಂಡು ಹೋಗಿ ಬಿಸಿಲಿನ ಬೆಳಕಿನಲ್ಲಿ ಕೆನ್ನೆ ನೋಡಿದರು. ಆಮೇಲೆ ಕೋಣೆ ಕತ್ತಲೆ ಮಾಡಿ, ನೇರಳೆ ಬಣ್ಣದ ಒಂದು ದೀಪ ಹಿಡಿದು ಮತ್ತೆ ನೋಡಿದರು. ಇದೆಲ್ಲ ನಮ್ಮನ್ನು ನಂಬಿಸುವ ಆಟ ಎಂದು ನಾನು ಮನಸ್ಸಿನಲ್ಲೇ ಮೂಗು ಮುರಿದೆ.

"ಬೆಳಿಗ್ಗೆಯಿಂದ ನೀನು ಮೂರನೇ ಸುಮ" ಎಂದು ನಗುತ್ತ ಅವರು ಮಗುವನ್ನೇ ಕೇಳಿದರು. "ಮನೇಲಿ ಏನಂತ ಕರೀತಾರೆ?"

ಮಗಳು ನನ್ನ ಮುಖ ನೋಡಿದಳು. ಮನೆಯ ಹೆಸರು ಮಾತ್ರ ಬಿಟ್ಟುಕೊಡಲಿಲ್ಲ. ಹೇಳಿಕೊಟ್ಟದ್ದನ್ನು ಎಷ್ಟು ಚೆನ್ನಾಗಿ ನೆನಪಿಟ್ಟಿದ್ದಾಳೆ ಎಂದು ನನಗೆ ಹೆಮ್ಮೆಯೇ ಆಯಿತು.

"ತೊನ್ನಲ್ಲ ಇದು" ಎಂದರು ಡಾಕ್ಟರಮ್ಮ. "ತೊನ್ನಾಗಿದ್ರೆ ಆ ದೀಪಕ್ಕೆ ಬೆಳ್ಳಗೆ ಹೊಳೀತಿತ್ತು. ಚರ್ಮ ಒಣಗಿದೆ, ಅಷ್ಟೇ. ಈ ವಯಸ್ಸಿನ ಮಕ್ಕಳಿಗೆ ಬರುತ್ತೆ, ಹೋಗುತ್ತೆ. ಸ್ನಾನ ಆದ ತಕ್ಷಣ ಕೊಬ್ಬರಿ ಎಣ್ಣೆ ಹಚ್ಚಿ. ಬಿಸಿಲಿಗೆ ಟೋಪಿ ಹಾಕಿ. ಮೆಡಿಕಲ್ ಸ್ಟೋರಿನವರು ಕೊಡೋ ಟ್ಯೂಬ್ ಮಾತ್ರ ಹಚ್ಚಬೇಡಿ. ಕೆಲವು ತಿಂಗಳು ಬೇಕು."

ಸೂಜಿಯಿಲ್ಲ, ಮಾತ್ರೆಯಿಲ್ಲ. ಕೊಬ್ಬರಿ ಎಣ್ಣೆಗೆ ಮದ್ದೂರು ಸುತ್ತಿಕೊಂಡು ಮಂಡ್ಯಕ್ಕೆ ಬರಬೇಕಿತ್ತೆ? ಮಗುವಿನ ಮುಂದೆ ನಿಜ ಹೇಳುತ್ತಿಲ್ಲ ಎಂಬುದು ನನಗೆ ಖಾತ್ರಿಯಾಯಿತು. ಅವಳನ್ನು ಹೊರಗೆ ಗೌಡರ ಪಕ್ಕ, ಮತ್ತೆ ಗೋಡೆಯ ಕಡೆಗೇ ಮುಖ ಮಾಡಿಸಿ ಕೂರಿಸಿ, ನಾನೊಬ್ಬನೇ ಮತ್ತೆ ಒಳಗೆ ಹೋಗಿ, "ಡಾಕ್ಟ್ರೇ, ನನಗಾದರೂ ನಿಜ ಹೇಳಿ" ಎಂದೆ.

ಅವರು ಪೆನ್ನು ಕೆಳಗಿಟ್ಟರು. "ಹೇಳ್ತೀನಿ. ಮೊದಲು ನೀವು ಹೇಳಿ. ಮಗು ಹೆಸರೇನು?"

ನಾಲಿಗೆಯ ತುದಿಯವರೆಗೂ ಬಂದಿತ್ತು. ಹೊರಗೆ ಸಿದ್ದೇಗೌಡರಿದ್ದರು, ಆತಗೂರಿನ ಹೆಂಗಸಿದ್ದಳು. "ಸುಮ" ಎಂದೆ.

"ಹಾಗಾದ್ರೆ ಸುಮಂಗೆ ಏನೂ ಇಲ್ಲ. ತೊನ್ನೇ ಆಗಿದ್ರೂ ಅದು ಹೆಸರು ಬದಲಾಯಿಸೋ ಅಂಥ ಕಾಯಿಲೆ ಅಲ್ಲ ಮೇಷ್ಟ್ರೇ." ನಾನು ಮೇಷ್ಟ್ರೆಂದು ಅವರಿಗೆ ಹೇಗೆ ಗೊತ್ತಾಯಿತು ಎಂದು ಮಂಡ್ಯದಿಂದ ಮಳವಳ್ಳಿಯವರೆಗೂ ತಲೆ ಕೆಡಿಸಿಕೊಂಡೆ. ಎದೆಯ ಜೇಬಿನಲ್ಲಿ ಕೆಂಪು ಪೆನ್ನಿತ್ತು, ಅಂಗಿಯ ತೋಳಿನಲ್ಲಿ ಸೀಮೆಸುಣ್ಣ. ಅವರು ಹೇಳಿದ್ದರ ಬಗ್ಗೆ ಮಾತ್ರ ಯೋಚಿಸಲಿಲ್ಲ.

ಎಣ್ಣೆಯನ್ನು ನಂಬದಿದ್ದರೂ ಹಚ್ಚಿದೆವು. ಡಾಕ್ಟರನ್ನು ಪರೀಕ್ಷಿಸಲೆಂದು ನಾನು ಪ್ರತಿ ಭಾನುವಾರ ಮಗಳನ್ನು ಕಿಟಕಿಯ ಬಳಿ ನಿಲ್ಲಿಸಿ, ಕೆನ್ನೆಯ ಮೇಲೆ ಬಟರ್ ಪೇಪರ್ ಇಟ್ಟು, ಮಚ್ಚೆಯ ಅಂಚನ್ನು ಪೆನ್ಸಿಲಿನಲ್ಲಿ ಎಳೆದುಕೊಳ್ಳುತ್ತಿದ್ದೆ. ಗ್ರಾಫ್ ಶೀಟಿನ ಮೇಲಿಟ್ಟು ಚೌಕ ಎಣಿಸುತ್ತಿದ್ದೆ. ಅವಳು ಕಣ್ಣು ಮುಚ್ಚಿಕೊಂಡು, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು. "ಕಮ್ಮಿ ಆಯ್ತಾಪ್ಪ?" ಎಂದು ಪ್ರತಿ ಸಲವೂ ಕೇಳುತ್ತಿದ್ದಳು. ಕಮ್ಮಿಯಾಗಿದ್ದರೂ ನಾನು, "ನೋಡೋಣ" ಎನ್ನುತ್ತಿದ್ದೆ. ನಾಲ್ಕು ತಿಂಗಳಿಗೆ ಅವಳಿಗೆ ತಮ್ಮ ಹುಟ್ಟಿದ. ಅದಾಗಿ ಒಂದೆರಡು ವಾರಕ್ಕೆ ಎಣಿಸಲು ಚೌಕ ಉಳಿಯಲಿಲ್ಲ. ಕಾಗದಗಳನ್ನು ಡಬ್ಬಿಗೆ ಸೇರಿಸಿದೆ, ಮತ್ತೆ ಬಂದರೆ ಬೇಕಾಗುತ್ತದೆಂದು.

ಅದು ಮತ್ತೆ ಬರಲಿಲ್ಲ. ಭಾಗೀರಥಿಗೆ ಈಗ ಮೂವತ್ತು ದಾಟಿದೆ. ಮದ್ದೂರಿನ ಬ್ಯಾಂಕೊಂದರಲ್ಲಿ ಕೆಲಸ. ಹೋದ ಭಾನುವಾರ ಅವಳೂ ಬಂದಿದ್ದಳು. ಮೊಮ್ಮಗಳು ಕಾಗದಗಳ ನಡುವೆ ಸಿಕ್ಕಿದ ಹಳೆಯ ಚೀಟಿಯನ್ನು ಅಕ್ಷರ ಕೂಡಿಸಿ ಓದಿದಳು. "ಸು... ಮ. ಅಮ್ಮಾ, ಸುಮ ಅಂದ್ರೆ ಯಾರು?"

"ನಿಮ್ಮ ತಾತನ ಇನ್ನೊಬ್ಬಳು ಮಗಳು" ಎಂದಳು ಭಾಗೀರಥಿ, ನಗುತ್ತಲೇ. ಆಮೇಲೆ ನನ್ನ ಕಡೆ ತಿರುಗಿ, "ಅಪ್ಪ, ಆಗ ನಾನು ಏನಂದ್ಕೊಂಡಿದ್ದೆ ಗೊತ್ತಾ? ಮಚ್ಚೆ ಹೋಗದಿದ್ರೆ ನನ್ನನ್ನ ಸುಮ ಅಂತಲೇ ಇಟ್ಕೊಂಡು, ಹುಟ್ಟೋ ಪಾಪೂಗೆ ಭಾಗೀರಥಿ ಅಂತ ಇಡ್ತೀರ ಅಂತ. ಅಜ್ಜಿ ಹೆಸರು ಮನೇಲಿ ಒಬ್ಬರಿಗೆ ಇರಲೇಬೇಕು ಅಂತಿದ್ರಲ್ಲ. ತಮ್ಮ ಹುಟ್ಟಿದ ದಿನ ನಾನು ಬೀದಿಯೆಲ್ಲ ಕುಣಿದೆ, ನೆನಪಿದೆಯಾ? ತಮ್ಮ ಅಂದ್ರೆ ಎಷ್ಟು ಪ್ರೀತಿ ನೋಡಿ ಅಂತ ನೀವೆಲ್ಲ ಅಂದ್ರಿ. ಗಂಡುಮಗೂಗೆ ನನ್ನ ಹೆಸರು ಇಡೋಕಾಗಲ್ಲ ಅಂತ ಕುಣಿದಿದ್ದು ನಾನು."

ಊರಿನಲ್ಲಿ ಎಲ್ಲರ ಮೇಲೂ ಅನುಮಾನಪಟ್ಟವನು ನಾನು. ಕಣ್ಣು ಮುಚ್ಚಿ ಕಿಟಕಿಯ ಬಳಿ ನಿಲ್ಲುತ್ತಿದ್ದ ಮಗು ಒಳಗೇನು ಇಟ್ಟುಕೊಂಡಿದೆ ಎಂದು ಒಂದು ದಿನವೂ ಅನುಮಾನ ಬರಲಿಲ್ಲ. ತಪ್ಪಾಯಿತು ಎನ್ನಬೇಕಿತ್ತು. "ಕಾಫಿ ಕುಡೀತೀಯಾ?" ಎಂದೆ.

ಸಂಜೆ ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಮದ್ದೂರಿನ ಬಸ್ಸೇ ಹೌದೋ ಅಲ್ಲವೋ ಎಂದು ಈ ಸಲ ಯಾರನ್ನೂ ಕೇಳಲಿಲ್ಲ. ಅವಳೂ ಮೊಮ್ಮಗಳೂ ಹತ್ತಿ ಕೂತರು, ಬಸ್ಸು ಮೆಲ್ಲಗೆ ಹಿಂದಕ್ಕೆ ಸರಿದು ತಿರುಗಿತು. ಆಗ ನನಗೇನಾಯಿತೋ, ತರಗತಿಯ ಕೊನೆಯ ಬೆಂಚಿಗೆ ಕೇಳುವ ಹಾಗೆ, "ಭಾಗೀರಥೀ!" ಎಂದು ಕೂಗಿದೆ. ಹಣ್ಣಿನ ಗಾಡಿಯವರು, ಟೀ ಕುಡಿಯುತ್ತಿದ್ದವರು, ಸ್ಟ್ಯಾಂಡಿಗೆ ಸ್ಟ್ಯಾಂಡೇ ತಿರುಗಿ ನೋಡಿತು. ಅವಳೂ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿ, ಬಾಗಿಲಲ್ಲಿ ಜೋತುಬಿದ್ದು ಕೇಳಿದ, "ಏನ್ ಯಜಮಾನ್ರೇ, ಏನ್ ಬುಟ್ಟೋಯ್ತು?"

"ಏನೂ ಇಲ್ಲಪ್ಪ" ಎಂದೆ. "ಅವಳು ನನ್ನ ಮಗಳು. ಹೆಸರು ಭಾಗೀರಥಿ, ಮಳವಳ್ಳಿಯವಳು."