ಹತ್ತಿಕುಣಿಯ ಹುಲ್ಲಿನಲ್ಲಿ ಖಾಲಾ

ಎಲೆಯಡಿಕೆಯ ಕೆಂಪು ಅವರ ತುಟಿಯಲ್ಲಿ ಎಂದೂ ಒಣಗುತ್ತಿರಲಿಲ್ಲ. ಎಡಗೆನ್ನೆ ಸದಾ ಉಬ್ಬಿರುತ್ತಿತ್ತು. ಯಾದಗಿರಿಯಲ್ಲಿ ನಮ್ಮ ಪಕ್ಕದ ಮನೆಯವರು. ನಾನು ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಚಹಾವನ್ನೂ ನಿಂತೇ ಕುಡಿಯುತ್ತಿದ್ದರು. "ಕುಂತ್ರ ಮೊಣಕಾಲು ಜಾಮ್ ಆಗ್ತಾವ" ಎನ್ನುವರು. ಓಣಿಯಲ್ಲಿ ಅವರಷ್ಟು ಚಡಪಡಿಸುವವಳು ನಾನೊಬ್ಬಳೇ. ಅದಕ್ಕೇ ಇಬ್ಬರಿಗೂ ಜಗಳ.

ಮುಸ್ಲಿಮರ ಸಫರ್ ತಿಂಗಳ ಕೊನೆಯ ಬುಧವಾರ ಹಸಿರು ಹುಲ್ಲು ತುಳಿದರೆ ಕಾಯಿಲೆ ಬಿಡುತ್ತದೆಂದು ಅವರ ನಂಬಿಕೆ. ಪ್ರತಿವರ್ಷ ಓಣಿಯ ಹೆಂಗಸರನ್ನು ಟಂಟಂ ಆಟೋದಲ್ಲಿ ತುಂಬಿಕೊಂಡು ಹತ್ತಿಕುಣಿ ಡ್ಯಾಮಿನ ದಂಡೆಗೆ ಒಯ್ಯುತ್ತಿದ್ದರು.

ಅವ್ವನಿಗೆ ಆಪರೇಷನ್ ಆದ ದಿನ ಅದೇ ಬುಧವಾರ. ಖಾಲಾ ಆಸ್ಪತ್ರೆಗೇ ಬಂದು ನನ್ನ ರಟ್ಟೆ ಹಿಡಿದರು.

"ನಿಮ್ಮವ್ವನ ಹೆಸರಿಲೆ ನೀ ತುಳಿಬೇಕು. ನಡಿ ಬೇಟಿ."

ನೀರಿನಂಚಿನವರೆಗೂ ಹಬ್ಬಿದ ಹುಲ್ಲು, ಬೆಳ್ಳಕ್ಕಿಗಳು, ಬೀಸುಗಾಳಿ. ಚೆಂದವೇನೋ ಇತ್ತು, ಯಾರಿಗೆ ಬೇಕಿತ್ತು? ಫೋನಿಗೆ ಸಿಗ್ನಲ್ ಇರಲಿಲ್ಲ. ನಾಲ್ಕು ಹೆಜ್ಜೆ ಹಾಕಿ, "ಆಯ್ತಲ್ಲರಿ, ನಡೀರಿ" ಎಂದೆ.

"ಹಿಂಗ ಓಡಿದ್ರ ಏನ್ ಫಾಯ್ದಾ? ಕಾಲು ಊರು."

ಕೈ ಹಿಡಿದು ದಂಡೆಯುದ್ದಕ್ಕೂ ನಡೆಸಿದರು. ಅವ್ವ ಬದುಕಿ ಬಂದಳು. ಹುಲ್ಲಿನಿಂದಲೋ ಡಾಕ್ಟರರಿಂದಲೋ ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಹೋದ ವರ್ಷ ಖಾಲಾ ಹಾಸಿಗೆ ಹಿಡಿದರು. ಸಫರ್ ಮುಗಿಯುತ್ತಾ ಬಂದ ಒಂದು ಬುಧವಾರ ಅವರ ಹೆಸರಲ್ಲಿ ತುಳಿಯಲು ಅವ್ವ ಓಣಿಯವರ ಜೊತೆ ಟಂಟಂ ಹತ್ತಿದಳು. ಮಲಗಿದಲ್ಲಿಂದಲೇ ಖಾಲಾ ಗದರಿದರು.

"ಇದಲ್ಲ ಅಕ್ಕ, ಮುಂದಿನ ಬುಧವಾರ. ಈ ಸಲ ತಿಂಗಳು ಪೂರಾ ಮೂವತ್ತು ದಿನ ತುಂಬ್ತದ. ಚಾಂದ್ ಕಾಣೋ ಲೆಕ್ಕ ನನಗ ಹೇಳಾಕ ಬರ್ತೀಯೇನು?"

ಅವ್ವ ಒಬ್ಬಳೇ ಟಂಟಂ ಇಳಿದು ಒಳಗೆ ಬಂದಳು. ನನಗೆ ಮೈಯೆಲ್ಲ ಉರಿಯಿತು. ಉಸಿರಿಗೆ ತಿಣುಕುತ್ತಿದ್ದವರ ಮಾತು ಕೇಳಿ ಒಂದು ವಾರ ಕಾಯುವುದೇ?

ಸೋಮವಾರ ಖಾಲಾ ತೀರಿಕೊಂಡರು. ಮಂಗಳವಾರ ಸಂಜೆ ಹೊಸ ತಿಂಗಳ ಚಂದ್ರ ಕಂಡ. ತಿಂಗಳು ಇಪ್ಪತ್ತೊಂಬತ್ತಕ್ಕೇ ಮುಗಿಯಿತು. ಖಾಲಾರ ಲೆಕ್ಕ ತಪ್ಪಿತ್ತು, ಕೊನೆಯ ಬುಧವಾರ ಹಿಂದಿನ ವಾರವೇ ಕಳೆದಿತ್ತು.

ಬುಧವಾರ ಬೆಳಿಗ್ಗೆ ಅವ್ವ ನನ್ನನ್ನು ಎಬ್ಬಿಸಿ ಹತ್ತಿಕುಣಿಗೆ ಕರೆದುಕೊಂಡು ಹೋದಳು. ದಂಡೆಯಲ್ಲಿ ನಾವಿಬ್ಬರೇ. ಚಪ್ಪಲಿ ಬಿಟ್ಟು ಹುಲ್ಲಿಗೆ ಕಾಲಿಟ್ಟಳು. ನನಗೆ ತಡೆಯಲಾಗಲಿಲ್ಲ.

"ಅವ್ವ, ತಿಂಗಳು ಮುಗದದ. ಖಾಲಾನೇ ಇಲ್ಲ. ಇನ್ಯಾಕ ತುಳಿಯೋದು?"

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು, ನಿಲ್ಲಲಿಲ್ಲ.

"ಅಕಿ ಹೇಳಿದ ಬುಧವಾರ ಇದೇ ಅಲ್ಲೇನು?" ಎಂದಳು.